ಮಹಾನಂದಳ ಅರ್ಧ ಗಂಟೆ

ನನ್ನ ಫೋನಿನಲ್ಲಿ ಒಂದು ಸದ್ದನ್ನು ಮಹಾನಂದಳಿಗೆಂದೇ ಇಟ್ಟಿದ್ದೇನೆ. ಕಾರ್ಖಾನೆಯ ಸೈರನ್ನಿನ ಹಾಗೆ ಕೂಗುತ್ತದೆ. ಕೂಗಿತೆಂದರೆ ಪಕ್ಕದ ಬೀದಿಯ ಮನೆಯಲ್ಲಿ ಅವಳು ಒಬ್ಬಳೇ ಅಪಾಯದಲ್ಲಿದ್ದಾಳೆ ಎಂದರ್ಥ. ಮೊದಲನೇ ಸಲ ಕೂಗಿದಾಗ ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ನಮ್ಮ ಯಜಮಾನರದು. ಅರವತ್ತು ದಾಟಿದ ಹೆಂಗಸು ಚಾಮರಾಜಪೇಟೆಯ ರಸ್ತೆಯಲ್ಲಿ ಸೀರೆ ಎತ್ತಿ ಹಿಡಿದು ಓಡುವುದನ್ನು ಕಂಡು ಹೂವಿನವಳು ತನ್ನ ಬುಟ್ಟಿಯನ್ನು ಪಕ್ಕಕ್ಕೆ ಎಳೆದುಕೊಂಡಳು. ನನ್ನ ಬಳಿಯಿದ್ದ ಅವರ ಮನೆಯ ಕೀಲಿಯಿಂದ ಬೀಗ ತೆಗೆದು ಒಳಗೆ ನುಗ್ಗಿದರೆ ಮಹಾನಂದ ಹಣೆ ತುಂಬ ವಿಭೂತಿ ಇಟ್ಟುಕೊಂಡು ಕುರ್ಚಿಯಲ್ಲಿ ಆರಾಮವಾಗಿ ಕೂತಿದ್ದಾಳೆ. ಬೀಗದ ಸದ್ದಿಗೆ ಪೂಜೆ ನಿಲ್ಲಿಸಿದವಳು, ಏನಾಯಿತು, ಯಾಕೆ ಹೀಗೆ ಏದುಸಿರು ಬಿಡುತ್ತಿದ್ದೀಯ ಎಂದು ನನ್ನನ್ನೇ ಕೇಳಿದಳು.

ನನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ, ಇದು ಇಡೀ ಬೀದಿಗೆ ಗೊತ್ತು. ಚೆನ್ನಾಗಿ ಬೈದೆ. ಬೈದಾದ ಮೇಲೆ ಅಲ್ಲೇ ನೆಲದ ಮೇಲೆ ಕೂತೆ.

ಮಹಾನಂದ ಮತ್ತು ನಾನು ಇಲ್ಲಿನ ಒಂದು ಪ್ರೆಸ್ಸಿನಲ್ಲಿ ಅಕ್ಕಪಕ್ಕ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವರು. ಅವಳು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಜೋಡಿಸುವವಳು, ನಾನು ಕರಡು ತಿದ್ದುವವಳು. ಪತ್ರಿಕೆಯಲ್ಲಿ ಯಾವ ಚಿಕ್ಕಪ್ಪನ ಹೆಸರು ಮೇಲೆ ಬರಬೇಕು, ಯಾವ ಸೋದರತ್ತೆ ಬಿಟ್ಟುಹೋದರೆ ಮದುವೆ ಮುರಿಯುತ್ತದೆ ಎಂಬುದೆಲ್ಲ ನಮ್ಮ ಮೇಜಿನ ಮುಂದೆಯೇ ತೀರ್ಮಾನವಾಗುತ್ತಿತ್ತು. ಗಿರಾಕಿಗಳು ಜಗಳವಾಡುತ್ತಿರುವಾಗಲೇ ಅವಳ ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತಿದ್ದವು. ಜಗಳ ಮುಗಿಯುವಷ್ಟರಲ್ಲಿ ಪತ್ರಿಕೆ ಸಿದ್ಧ. ಮದುವೆಯಾಗದೆ ಅಣ್ಣ ಸಿದ್ದಬಸಪ್ಪನವರ ಮನೆಯಲ್ಲಿದ್ದವಳು, ಆದರೆ ಯಾರ ಹಂಗಿನಲ್ಲೂ ಇದ್ದವಳಲ್ಲ. ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುವಳು, ತನ್ನ ಕೋಣೆಯ ಬಾಗಿಲನ್ನು ತಾನೇ ಹಾಕಿಕೊಳ್ಳುವಳು.

ಎರಡು ವರ್ಷದ ಹಿಂದೆ ಮಹಡಿಯ ಮೆಟ್ಟಿಲಿನಲ್ಲಿ ಜಾರಿ ಬಿದ್ದಳು. ಕುತ್ತಿಗೆಯ ಮೂಳೆ ಹೋಯಿತು. ಪ್ರಾಣ ಉಳಿಯಿತು, ಕುತ್ತಿಗೆಗೆ ಸರಳು ಹಾಕಿದರು, ಅಲ್ಲಿಂದ ಕೆಳಗೆ ಯಾವುದೂ ಅವಳ ಮಾತು ಕೇಳುವುದಿಲ್ಲ. ದನಿ ಇದೆ, ಸಣ್ಣದಾಗಿ. ನಾಲ್ಕು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಬೇಕು. ಕಫ ಬಂದರೆ ಗಟ್ಟಿಯಾಗಿ ಕೆಮ್ಮುವ ಶಕ್ತಿಯಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಎದೆ ಒತ್ತಿ ಕೆಮ್ಮಿಸದಿದ್ದರೆ ಏನಾಗುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿಯೇ ಮನೆಗೆ ಕಳಿಸಿದ್ದರು.

ಆಮೇಲೆ ಈ ಯಂತ್ರ ಬಂತು. ಇಂಥವರಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯ ಎಂಜಿನಿಯರು, ಅಭಿನಂದನ್ ಅಂತ, ತಂದು ಜೋಡಿಸಿದರು. ಅವಳ ಕುರ್ಚಿಯ ಮುಂದಿನ ಕಂಪ್ಯೂಟರ್ ಪರದೆಯ ಕೆಳಗೆ ಅಡಿಪಟ್ಟಿಯಷ್ಟು ಉದ್ದದ ಒಂದು ಕ್ಯಾಮೆರಾ. ಅವಳು ಎಲ್ಲಿ ನೋಡಿದರೆ ಪರದೆಯ ಮೇಲಿನ ಬಾಣ ಅಲ್ಲಿಗೆ ಹೋಗುತ್ತದೆ. ನೋಟವನ್ನು ಅಲ್ಲೇ ನಿಲ್ಲಿಸಿದರೆ ಒಂದು ಪುಟ್ಟ ಬಳೆ ತುಂಬುತ್ತ ಬಂದು, ತುಂಬಿದೊಡನೆ ಅದು ಒತ್ತಿದ ಲೆಕ್ಕ. ಉಳಿದದ್ದು ಬಾಯಿಮಾತಿನಲ್ಲಿ. 'ಅಳಿಸು' ಅಂದರೆ ಅಳಿಸುತ್ತದೆ, 'ಮಲಕ್ಕೋ' ಅಂದರೆ ಮಲಗುತ್ತದೆ, 'ಎದ್ದೇಳು' ಅಂದರೆ ಎದ್ದೇಳುತ್ತದೆ. ಇಷ್ಟು ವಿಧೇಯತೆಯನ್ನು ನಾನು ನನ್ನ ಸಂಸಾರದಲ್ಲಿ ಕಂಡಿಲ್ಲ. ಮೊದಮೊದಲು ಕಣ್ಣು ಉರಿದು ನೀರು ಸುರಿಯುತ್ತಿತ್ತು, ಬಾಣ ಪರದೆ ತುಂಬ ನೊಣದ ಹಾಗೆ ಹಾರಾಡುತ್ತಿತ್ತು. ಅವಳು ಬಿಡಲಿಲ್ಲ. ಕಣ್ಣಿನಿಂದ ಅವಳು ಬರೆದು ಮುಗಿಸಿದ ಮೊದಲನೇ ವಾಕ್ಯ, 'ಆಂಡಾಳ್, ನಿನ್ನ ಕಾಫಿಗೆ ಸಕ್ಕರೆ ಜಾಸ್ತಿ.' ಈಗ ಪ್ರೆಸ್ಸಿನವರು ಮನೆಗೇ ಕೆಲಸ ಕಳಿಸುತ್ತಾರೆ.

ಪರದೆಯ ಕೆಳ ಅಂಚಿನುದ್ದಕ್ಕೂ ಒಂದು ಕೆಂಪು ಪಟ್ಟಿ. ಉಸಿರು ಸಿಕ್ಕಿಕೊಂಡು ದನಿ ಹೊರಡದೆ ಹೋದಾಗ ಅದನ್ನು ನೋಡಿದರೆ ಸಾಕು, ಮೂರು ಫೋನುಗಳು ಕೂಗುತ್ತವೆ. ಸಿದ್ದಬಸಪ್ಪನವರದು, ಅವರ ಹೆಂಡತಿ ಹಂಸಾಳದು, ನನ್ನದು. ಅದನ್ನು ಕೆಳಗೇ ಇಟ್ಟಿರುವುದಕ್ಕೆ ಕಾರಣವಿದೆ. ಉಸಿರು ಕಟ್ಟಿದಾಗ ಮೈ ಕುರ್ಚಿಯಲ್ಲಿ ಜಾರುತ್ತದೆ. ಜಾರಿದ ಮೇಲೆ ಅವಳ ಕಣ್ಣಿಗೆ ನಿಲುಕುವುದು ಆ ಅಂಚೊಂದೇ.

ಈ ವರ್ಷ ಹಂಸಾಳ ರಜೆ ಮುಗಿಯಿತು. ಅವಳು ಹತ್ತಿರದ ಶಾಲೆಯೊಂದರಲ್ಲಿ ಟೀಚರು, ಇನ್ನೂ ರಜೆ ಹಾಕಿದರೆ ಕೆಲಸ ಬಿಡಬೇಕಿತ್ತು. ಸಿದ್ದಬಸಪ್ಪನವರಿಗೆ ಅವೆನ್ಯೂ ರಸ್ತೆಯ ಹತ್ತಿರದ ಗಲ್ಲಿಯಲ್ಲಿ ಬಟ್ಟೆ ಅಂಗಡಿ. ಬೆಳಗ್ಗೆ ಇಬ್ಬರೂ ಹೊರಟರೆ ಮಧ್ಯಾಹ್ನದ ಊಟಕ್ಕೆ ಹಂಸಾ ಬರುವ ತನಕ ಮನೆಯಲ್ಲಿ ಮಹಾನಂದ ಒಬ್ಬಳೇ. ಇಬ್ಬರು ಆಯಾಗಳು ಬಂದು, ಹೇಳದೆ ಕೇಳದೆ ಬಿಟ್ಟುಹೋಗಿದ್ದರು. ನಾನು ಕೂರುತ್ತೇನೆ ಎಂದರೆ ಮಹಾನಂದಳೇ ಒಪ್ಪಲಿಲ್ಲ. ನೀನು ಕಾವಲು ಕೂತರೆ ನಾನು ಒಬ್ಬಳೇ ಇದ್ದ ಹಾಗಾಗುವುದಿಲ್ಲವಲ್ಲ ಎಂದಳು. ಒಬ್ಬಳೇ ಇರುವ ಆಸೆ ಅಷ್ಟಿತ್ತು ಅವಳಿಗೆ.

ಸಿದ್ದಬಸಪ್ಪನವರು ಕನಕಪುರ ರಸ್ತೆಯ ಆಚೆಗೊಂದು ಆರೈಕೆ ಮನೆ ನೋಡಿಕೊಂಡು ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ತಂಗಿ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದನ್ನು ಮೊದಲು ಕಂಡವರು ಅವರೇ, ಆವತ್ತಿನಿಂದ ಅವರಿಗೆ ನೆಟ್ಟಗೆ ನಿದ್ದೆಯಿಲ್ಲ. ಕೊನೆಗೆ ಒಂದು ಮಾತಾಯಿತು. ದಸರಾ ರಜೆಯ ತನಕ ಹೀಗೆ ನೋಡೋಣ. ಯಂತ್ರದ ಮೇಲೆ ಭರವಸೆ ಬಂದರೆ ಮಹಾನಂದ ಮನೆಯಲ್ಲೇ ಇರುವುದು, ಇಲ್ಲದಿದ್ದರೆ ಆ ಆರೈಕೆ ಮನೆ.

ಆ ಮೊದಲ ಸುಳ್ಳು ಕೂಗಿನ ನಂತರ ನಾಲ್ಕಾರು ದಿನ ಸುಮ್ಮನಿತ್ತು. ಮತ್ತೆ ಕೂಗಿತು. ಓಡಿದೆ. ಮತ್ತೆ ಅದೇ ಕತೆ. ಮೂರನೇ ಸಲ ಕೂಗಿದಾಗ, ನಾನು ಫೋನು ಮಾಡಿ ತಿಳಿಸುವ ಮೊದಲೇ, ಸಿದ್ದಬಸಪ್ಪನವರು ಗಿರಾಕಿಯ ಮುಂದೆ ಹರಡಿದ ಸೀರೆಗಳನ್ನು ಹಾಗೇ ಬಿಟ್ಟು ಆಟೋ ಹಿಡಿದು ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಪ್ರತಿ ಸಲವೂ ಪೂಜೆಯ ಹೊತ್ತೇ. ಪ್ರತಿ ಸಲವೂ ಮಹಾನಂದ ಹೇಳಿದ್ದು, ನಾನು ಆ ಕೆಂಪು ಪಟ್ಟಿಯನ್ನು ನೋಡಲೇ ಇಲ್ಲ ಎಂದು.

ಅವಳದು ಇಷ್ಟಲಿಂಗದ ಪೂಜೆ. ಹಂಸಾ ಬೆಳಗ್ಗೆ ಅವಳಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕುತ್ತಿಗೆಯ ಕರಡಿಗೆಯಿಂದ ಲಿಂಗವನ್ನು ತೆಗೆದು, ಎದೆಯ ಎತ್ತರಕ್ಕೆ ದಿಂಬು ಕೊಟ್ಟು ಎಡಗೈಯನ್ನು ಅದರ ಮೇಲಿಟ್ಟು, ಅಂಗೈಯಲ್ಲಿ ಲಿಂಗವಿಟ್ಟು, ಯಂತ್ರದ ಸದ್ದು ನಿಲ್ಲಿಸಿ ಶಾಲೆಗೆ ಹೋಗುತ್ತಿದ್ದಳು. ಅದಾದ ಮೇಲೆ ಅರ್ಧ ಗಂಟೆ ಮಹಾನಂದ ಯಾರ ಜೊತೆಗೂ ಮಾತಾಡುವುದಿಲ್ಲ. ಮೊದಲಿನಿಂದಲೂ ಹಾಗೆಯೇ, ಬಾಗಿಲು ಹಾಕಿಕೊಂಡು ಮಾಡುವಳು.

ಯಂತ್ರ ಪರೀಕ್ಷಿಸಲು ಅಭಿನಂದನ್ ಬಂದಾಗ ಹಾಲ್‌ನಲ್ಲಿ ಅವರಿಗೆ ಕಾಫಿ ಕೊಟ್ಟವಳು ನಾನು. ಯಂತ್ರದಲ್ಲಿ ದೋಷವಿಲ್ಲ, ಅವರು ಪಟ್ಟಿಯನ್ನು ದಿಟ್ಟಿಸಿ ನೋಡಿದ್ದಾರೆ ಎಂದೇ ದಾಖಲಾಗಿದೆ ಎಂದರು. ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತಾರೆ ಎಂದು ಕೇಳಿದರು. ಪೂಜೆ, ಕಣ್ಣು ಮುಚ್ಚಿಕೊಂಡು ಧ್ಯಾನ ಮಾಡುತ್ತಿರುತ್ತಾಳೆ, ಮುಚ್ಚಿದ ಕಣ್ಣು ನಿಮ್ಮ ಪಟ್ಟಿಯನ್ನು ನೋಡುವುದು ಹೇಗೆ ಎಂದು ನಾನೇ ಜಂಬದಿಂದ ಹೇಳಿದೆ. ನಮ್ಮ ಅಯ್ಯಂಗಾರ್ ಮನೆಯಲ್ಲಿ ದೇವರ ಮುಂದೆ ಕೂತರೆ ಕಣ್ಣು ಮುಚ್ಚುವುದು, ಲೋಕವೆಲ್ಲ ಹಾಗೇ ಎಂದುಕೊಂಡಿದ್ದೆ. ಅವರು ತಲೆಯಾಡಿಸಿ ಹೋದರು. ಒಳಗಿನ ಕೋಣೆಯಲ್ಲಿದ್ದ ಮಹಾನಂದಳನ್ನು ನಾವಿಬ್ಬರೂ ಕೇಳಲಿಲ್ಲ. ಅವಳ ವಿಷಯವನ್ನು ಅವಳ ಎದುರಿಗೆ ಮಾತಾಡುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಯಂತ್ರ ಸರಿಯಿದೆ ಎಂದಾದ ಮೇಲೆ ಉಳಿದದ್ದು ಒಂದೇ ಅನುಮಾನ. ಸಿದ್ದಬಸಪ್ಪನವರು ನನ್ನನ್ನು ಬಾಗಿಲ ಆಚೆಗೆ ಕರೆದು ಮೆಲ್ಲಗೆ ಹೇಳಿದರು. "ಅವಳಿಗೇ ಭಯ ಆಗ್ತಿದೆ ಆಂಡಾಳಮ್ಮ. ಒಬ್ಬಳೇ ಆದ ತಕ್ಷಣ ಕರೀತಾಳೆ, ನಾವು ಬಂದ ಮೇಲೆ ನಾಚಿಕೆ. ಇನ್ನೊಂದ್ಸಲ ಹೀಗಾದ್ರೆ ನಾನು ಕಾಯಲ್ಲ, ಆ ಜಾಗಕ್ಕೆ ಹೂಂ ಅಂದ್ಬಿಡ್ತೀನಿ."

ಅಂದಿನಿಂದ ಫೋನು ಎಲ್ಲಿದ್ದರೆ ನಾನಲ್ಲಿ. ಸ್ನಾನದ ಮನೆಯ ಕಿಟಕಿಯಲ್ಲಿ ಫೋನು, ದೇವರ ಮನೆಯ ಹೊಸ್ತಿಲಲ್ಲಿ ಫೋನು. ಮಾರುಕಟ್ಟೆಗೆ ಹೋಗುವುದನ್ನೇ ಬಿಟ್ಟೆ, ಮನೆ ಮುಂದೆ ಬಂದ ಗಾಡಿಯವನು ಕೊಟ್ಟ ಬಾಡಿದ ಸೊಪ್ಪಿನಲ್ಲೇ ಅಡುಗೆ. ಬೆಳಗ್ಗೆ ಆ ಹೊತ್ತಾಯಿತೆಂದರೆ ಕೂಗಬಾರದು ಎಂದು ಬೇಡಿಕೊಳ್ಳುವುದು, ಕೂಗದೆ ಹೋದರೆ ನಿಜವಾಗಿ ಏನಾದರೂ ಆಗಿ ಕೂಗಲಾಗದೆ ಹೋಯಿತೇನೋ ಎಂದು ಒದ್ದಾಡುವುದು. ಯಜಮಾನರು ಹಸಿದು ಎರಡು ಸಲ ಕೆಮ್ಮಿದರೂ ರೇಗುತ್ತಿದ್ದೆ.

ಒಂದು ಮಧ್ಯಾಹ್ನ ಮಹಾನಂದಳ ತಲೆ ಬಾಚುತ್ತಿದ್ದೆ. ಅವಳು ಪರದೆಯನ್ನು ಮಲಗಿಸಿ, ನನ್ನ ಮುಖ ಕಾಣದಿದ್ದರೂ ಮೆಲ್ಲಗೆ ಕೇಳಿದಳು. "ನನಗೇ ಗೊತ್ತಿಲ್ದೆ ನಾನು ನಿಮ್ಮನ್ನ ಕರೀತಿದೀನಾ, ಆಂಡಾಳ್? ಕೈಕಾಲು ಹೋಯ್ತು ಅಂತ ಒಪ್ಕೊಂಡೆ. ಈಗ ತಲೇನೂ ಹೋಗ್ತಿದ್ಯಾ?"

ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವಳು, ಒಂದು ಅಕ್ಷರಕ್ಕೂ ನನ್ನೊಡನೆ ವಾದಕ್ಕೆ ಬೀಳುತ್ತಿದ್ದವಳು, ತನ್ನನ್ನು ತಾನೇ ನಂಬದ ಹಾಗಾಗಿದ್ದಳು. ನನಗೆ ಅಳು ಬಂತು, ಅವಳಿಗೆ ಕಾಣದಂತೆ ಅತ್ತೆ. ಆಮೇಲೆ, ನಾಳೆ ನಿನ್ನ ಪೂಜೆಯ ಹೊತ್ತಿನಲ್ಲಿ ನಾನು ಕೋಣೆಯಲ್ಲಿ ಕೂರುತ್ತೇನೆ, ಬೇಡ ಅನ್ನಬೇಡ ಎಂದೆ. ಕೊನೆಗೆ, ಬಾ, ಆದರೆ ಬಾಯಿ ಬಿಡಕೂಡದು ಎಂದಳು. ನನ್ನ ಮಟ್ಟಿಗೆ ಅದು ಕಠಿಣ ಶಿಕ್ಷೆ.

ಮಾರನೆಯ ದಿನ ಹಂಸಾ ಎಲ್ಲ ಅಣಿಮಾಡಿ ಹೊರಟಳು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತೆ. ಪರದೆ ಬೆಳಗುತ್ತಿತ್ತು. ಮಹಾನಂದ ಕಣ್ಣು ಮುಚ್ಚುತ್ತಾಳೆ ಎಂದು ಕಾದೆ. ಮುಚ್ಚಲಿಲ್ಲ. ಅಂಗೈಯಲ್ಲಿದ್ದ ಲಿಂಗದ ಮೇಲೆ ನೋಟವಿಟ್ಟಳು, ಇಟ್ಟ ನೋಟವನ್ನು ತೆಗೆಯಲಿಲ್ಲ. ರೆಪ್ಪೆ ಬಡಿಯುವುದೂ ಅಪರೂಪ. ಪ್ರೆಸ್ಸಿನ ಗಲಾಟೆಯಲ್ಲೂ ಅಲುಗದ ಅವಳ ಕಣ್ಣು ಎಲ್ಲಿ ಪಳಗಿತ್ತು ಎಂದು ನನಗೆ ಆವತ್ತು ತಿಳಿಯಿತು. ಹಾಗೇ ನೋಡುತ್ತಿದ್ದಂತೆ ನನ್ನ ಗಮನ ಪರದೆಯ ಕಡೆ ಹೋಯಿತು. ಅವಳ ಅಂಗೈ ಇದ್ದದ್ದು ಪರದೆಯ ಕೆಳ ಅಂಚಿನ ನೇರಕ್ಕೆ. ಕ್ಯಾಮೆರಾಕ್ಕೇನು ಗೊತ್ತು ನಡುವೆ ಒಂದು ಲಿಂಗವಿದೆ ಎಂದು. ಕೆಂಪು ಪಟ್ಟಿಯ ಮೇಲೆ ಆ ಪುಟ್ಟ ಬಳೆ ಮೆಲ್ಲಗೆ ತುಂಬುತ್ತಿತ್ತು. ತುಂಬಿತು. ನನ್ನ ಮಡಿಲಲ್ಲಿ ಫೋನು ಸೈರನ್ ಕೂಗಿತು.

ಕೂಡಲೇ ಇಬ್ಬರಿಗೂ ಫೋನು ಮಾಡಿ, ಏನೂ ಆಗಿಲ್ಲ, ನಾನು ಇಲ್ಲೇ ಇದ್ದೇನೆ, ಕಾರಣ ಸಿಕ್ಕಿತು ಎಂದು ಕಿರುಚಿದೆ. ಬಾಯಿ ಬಿಡಕೂಡದೆಂಬ ಕಟ್ಟಳೆ ಅಲ್ಲಿಗೆ ಮುಗಿಯಿತು. ಮಹಾನಂದಳಿಗೆ ತೋರಿಸಿದೆ. ಅವಳು ಪರದೆಯನ್ನೂ ಅಂಗೈಯನ್ನೂ ನೋಡಿ ಮೊದಲು ನಕ್ಕಳು, ಆಮೇಲೆ ಅವಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿದೆ. ತಲೆ ಹೋಗಿಲ್ಲ ಎಂದು ಗೊತ್ತಾದ ಸಮಾಧಾನ ಅದು. ದಿನಾ ಲಿಂಗಪೂಜೆ ಮಾಡುವ ಅಣ್ಣ ಅತ್ತಿಗೆಯರಿಗೂ ಇದು ಹೊಳೆದಿರಲಿಲ್ಲ. ಪೂಜೆಯಲ್ಲಿ ನೋಟ ಏನನ್ನೂ ಮಾಡುವುದಿಲ್ಲ, ಸುಮ್ಮನೆ ನಿಲ್ಲುತ್ತದೆ ಎಂದೇ ಅವರ ಎಣಿಕೆ. ಈಗ ಆ ಮನೆಯಲ್ಲಿ ನೋಟವೇ ಒಂದು ಕೈ ಆಗಿತ್ತು.

ಅಷ್ಟಕ್ಕೆ ಮುಗಿಯಿತು ಎಂದುಕೊಂಡು ಸಂಜೆ ಕೇಸರಿಬಾತು ಮಾಡಿ ತೆಗೆದುಕೊಂಡು ಹೋದೆ. ಅಭಿನಂದನ್ ಬಂದಿದ್ದರು. ಈ ಸಲ ಎಲ್ಲರೂ ಅವಳ ಕೋಣೆಯಲ್ಲೇ ಕೂತೆವು. ಅವರು ಕುರ್ಚಿಯನ್ನು ಹಿಂದೆ ಮುಂದೆ ಸರಿಸಿ, ದಿಂಬಿಟ್ಟು, ಅವಳ ಕೈಯನ್ನು ಮೇಲಿಟ್ಟು ನೋಡಿ, ಹೇಳಲೋ ಬೇಡವೋ ಎನ್ನುವಂತೆ ಹೇಳಿದರು. ಕುರ್ಚಿ ಒಂದಿಂಚು ಆಚೆ ಈಚೆಯಾದ ದಿನ ಅವಳ ಕೈಯೇ ಕ್ಯಾಮೆರಾವನ್ನು ಮರೆಮಾಡುತ್ತದೆ. ಕೂಗದೆ ಸುಮ್ಮನಿದ್ದ ದಿನಗಳೆಲ್ಲ ಅಂಥವೇ. ಆ ದಿನಗಳಲ್ಲಿ ನಿಜವಾಗಿ ಉಸಿರು ಕಟ್ಟಿದ್ದರೂ ಯಂತ್ರ ಯಾರನ್ನೂ ಕರೆಯುತ್ತಿರಲಿಲ್ಲ. ಕೈಯನ್ನು ತಗ್ಗಿಸಿದರೆ, ಸರಳು ಹಾಕಿದ ಕುತ್ತಿಗೆ ಬಗ್ಗುವುದಿಲ್ಲ, ಲಿಂಗ ಅವಳಿಗೆ ಕಾಣುವುದಿಲ್ಲ. ಪೂಜೆಯ ಹೊತ್ತಿನಲ್ಲಿ ಯಂತ್ರವನ್ನು ಮಲಗಿಸಿದರೆ ಸುಳ್ಳು ಕೂಗು ನಿಲ್ಲುತ್ತದೆ, ಆದರೆ ದನಿ ಕಟ್ಟಿದರೆ ಅದನ್ನು ಎಬ್ಬಿಸಲಾಗುವುದಿಲ್ಲ.

ಕೇಸರಿಬಾತನ್ನು ಯಾರೂ ಮುಟ್ಟಲಿಲ್ಲ. ಸುಮ್ಮನಿದ್ದ ದಿನಗಳಲ್ಲಿ ನಾವು ನಿಟ್ಟುಸಿರು ಬಿಟ್ಟಿದ್ದನ್ನು ನೆನೆದು ನನಗೆ ಬೆವರು ಕಿತ್ತಿತು. ಸಿದ್ದಬಸಪ್ಪನವರು ಎದ್ದು ನಿಂತರು. ಹಾಗಾದರೆ ಒಬ್ಬಳೇ ಇದ್ದಾಗ ಪೂಜೆ ಬೇಡ, ರಾತ್ರಿ ಎಲ್ಲರೂ ಮನೆಯಲ್ಲಿದ್ದಾಗ ಆಗಲಿ, ಇಲ್ಲವೇ ಆರೈಕೆ ಮನೆ, ಬೇರೆ ದಾರಿಯಿಲ್ಲ ಎಂದರು. ದೇವರು ಹೊತ್ತು ನೋಡುತ್ತಾನೆಯೇ ಎಂದೂ ಕೇಳಿದರು. ಒಳಗೊಳಗೇ ನಾನೂ ಅವರ ಕಡೆಗೇ ಇದ್ದೆ.

ಮಹಾನಂದ ಉಸಿರು ಕೂಡಿಸಿಕೊಂಡಳು.

"ಅಣ್ಣ, ನನ್ನ ಮೈ ತೊಳೆಯೋದು ಅತ್ತಿಗೆ. ಉಣ್ಣಿಸೋದು ಅತ್ತಿಗೆ. ಮಗ್ಗುಲು ತಿರುಗಿಸೋದು ನೀನು. ತಲೆ ಬಾಚೋದು ಆಂಡಾಳ್. ನಾನು ಬೇಜಾರು ಮಾಡ್ಕೊಂಡಿಲ್ಲ. ಆ ಅರ್ಧ ಗಂಟೆ ಮಾತ್ರ ನಾನು ಯಾರ ಕೈಲೂ ಇರಲ್ಲ. ಅದನ್ನ ಕೇಳ್ಬೇಡ."

"ಉಸಿರು ಕಟ್ಟಿದ್ರೆ?" ಎಂದರು ಸಿದ್ದಬಸಪ್ಪನವರು.

"ನನಗೂ ಭಯಾನೇ. ಭಯ ಇಲ್ಲ ಅಂತ ನಾನೆಲ್ಲಿ ಹೇಳ್ದೆ? ಮೆಷೀನು ಮಲಗಿಸಿ ಕೂರ್ತೀನಿ. ಮುಗಿದ ಮೇಲೆ ಎಬ್ಬಿಸಿ ಮೆಸೇಜು ಕಳಿಸ್ತೀನಿ. ಅಲ್ಲೀವರೆಗೂ ಯಾರೂ ಒಳಗೆ ಬರಕೂಡದು."

ಅವರು ಹೆಂಡತಿಯ ಮುಖ ನೋಡಿದರು. ಹಂಸಾ ಕಡಿಮೆ ಮಾತಿನವಳು. ದಿನಾ ಆ ಕೈಯನ್ನೆತ್ತಿ ಲಿಂಗವಿಡುವವಳು ನಾನು, ನಾಳೆಯೂ ಇಟ್ಟೇ ಹೋಗುತ್ತೇನೆ ಎಂದಷ್ಟೇ ಹೇಳಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಸಿದ್ದಬಸಪ್ಪನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ಮಾರನೆಯ ಬೆಳಗ್ಗೆ ಅವರಿಬ್ಬರೂ ಹೊರಟಿದ್ದನ್ನು ನೋಡಿಕೊಂಡು ನಾನು ಹೋಗಿ ಅವರ ಮನೆಯ ಜಗಲಿ ಕಲ್ಲಿನ ಮೇಲೆ ಕೂತೆ. ಒಳಗೆ ಬರಕೂಡದು ಎಂದಿದ್ದಳೇ ಹೊರತು ಹೊರಗೆ ಕೂರಕೂಡದು ಎಂದಿರಲಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕೀಲಿ. ಅಂಗಡಿಯಿಂದ ಸಿದ್ದಬಸಪ್ಪನವರು ಆಯಿತಾ ಎಂದು ಮೆಸೇಜು ಕಳಿಸಿದರು. ಇಲ್ಲ ಎಂದು ಕಳಿಸಿದೆ. ಮತ್ತೆ ಕಳಿಸಿದರು. ಎದುರುಮನೆಯವರು ಯಾಕೆ ಇಲ್ಲಿ ಕೂತಿರಿ ಎಂದಾಗ ಬಿಸಿಲು ಕಾಯುತ್ತಿದ್ದೇನೆ ಎಂದೆ. ನಾನು ಕೂತಿದ್ದದ್ದು ನೆರಳಿನಲ್ಲಿ.

ಅರ್ಧ ಗಂಟೆ ಮುಗಿಯುತ್ತ ಬಂದಾಗ ಕಿಟಕಿಯಿಂದ ಕೆಮ್ಮು ಕೇಳಿಸಿತು. ಅವಳ ಕೆಮ್ಮು ಕೆಮ್ಮಿನ ಹಾಗಿರುವುದಿಲ್ಲ, ಗಂಟಲಲ್ಲಿ ನೀರು ಗುಳುಗುಳು ಎಂದ ಹಾಗೆ. ಎದ್ದು ನಿಂತೆ. ಮತ್ತೆ ಕೇಳಿಸಿತು. ಬಾಗಿಲಿಗೆ ಹೋಗಿ ಕೀಲಿಯನ್ನು ಬೀಗದೊಳಗೆ ಹಾಕಿದೆ. ಕೆಮ್ಮು ನಿಂತಿತು. ನಿಂತದ್ದು ಕಫ ಸರಿದಿದ್ದರಿಂದಲೋ, ಉಸಿರೇ ನಿಂತದ್ದರಿಂದಲೋ? ಕೀಲಿ ತಿರುಗಿಸಿದರೆ, ಅವಳಿಗೆಂದು ಉಳಿದಿದ್ದ ಒಂದೇ ಒಂದನ್ನು ಮೊದಲ ದಿನವೇ ನಾನು ಕಿತ್ತುಕೊಂಡ ಹಾಗೆ. ತಿರುಗಿಸದೆ ಅವಳು ಹೋಗಿಬಿಟ್ಟರೆ, ಕೀಲಿ ಕೈಯಲ್ಲಿಟ್ಟುಕೊಂಡೇ ಅವಳನ್ನು ಕೊಂದ ಹಾಗೆ. ಬಾಗಿಲಿಗೆ ಹಣೆಯೊತ್ತಿ ನಿಂತೆ. ನಾನು ನಂಬಿದ ದೇವರನ್ನೆಲ್ಲ ಕರೆದೆ, ಅವಳ ಶಿವನನ್ನೂ ಕರೆದೆ. ನಮ್ಮ ಅಜ್ಜಿ ಇದ್ದಿದ್ದರೆ ಅದಕ್ಕೆ ನನ್ನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ.

ಫೋನು ಟಿಣ್ ಎಂದಿತು. ಮೂವರಿಗೂ ಕಳಿಸಿದ್ದಳು, 'ಪೂಜೆ ಆಯಿತು.' ಸ್ವಲ್ಪ ಹೊತ್ತಿಗೆ ನನಗೊಬ್ಬಳಿಗೇ ಇನ್ನೊಂದು. 'ಕೀಲಿ ಹಾಕಿದ್ದು ಕೇಳಿಸಿತು. ತಿರುಗಿಸಲಿಲ್ಲವಲ್ಲ, ಅಷ್ಟು ಸಾಕು. ಈಗ ಬಾ.'

ಒಳಗೆ ಹೋದೆ. ಅವಳ ಗಲ್ಲದ ಮೇಲೆ ಜೊಲ್ಲು ಇಳಿದಿತ್ತು, ಮುಖ ಕೆಂಪಗಿತ್ತು. ಒರೆಸುತ್ತ, ಕಫ ಬಂದಿತ್ತಾ ಎಂದು ಕೇಳಿದೆ. ಬಂದಿತ್ತು, ತಾನಾಗೇ ಸರಿಯಿತು ಎಂದಳು. ಸರಿಯದಿದ್ದರೆ ಎಂದು ನಾನು ಕೇಳಲಿಲ್ಲ.

"ಲಿಂಗದ ಮೇಲಿಂದ ಕಣ್ಣು ತೆಗೀಲಿಲ್ಲ ನಾನು," ಎಂದಳು. ಮೊದಲ ಪತ್ರಿಕೆ ಅಚ್ಚಾಗಿ ಬಂದ ದಿನದ ಮುಖ ಅವಳದು.

ದಸರಾ ರಜೆ ಬಂದು ಹೋಯಿತು. ಆರೈಕೆ ಮನೆಯ ಮಾತನ್ನು ಮತ್ತೆ ಯಾರೂ ಎತ್ತಿಲ್ಲ. ಆ ದಿನದ ಕೆಮ್ಮಿನ ವಿಷಯವನ್ನು ಸಿದ್ದಬಸಪ್ಪನವರಿಗೆ ನಾನು ಇವತ್ತಿಗೂ ಹೇಳಿಲ್ಲ. ಬೆಳಗ್ಗೆ ಆ ಹೊತ್ತಿಗೆ ಅವರ ಜಗಲಿಯ ಮೇಲೆ ಕೂರುತ್ತೇನೆ, ಅವಳಿಗೂ ಅದು ಗೊತ್ತು. ಕೀಲಿಯನ್ನು ಮಾತ್ರ ಈಗ ಕೈಯಲ್ಲಿ ಹಿಡಿಯುವುದಿಲ್ಲ, ಸೆರಗಿನ ತುದಿಗೆ ಬಿಗಿಯಾಗಿ ಗಂಟು ಹಾಕಿಕೊಂಡಿರುತ್ತೇನೆ. ಒಳಗೆ ಕೆಮ್ಮು ಕೇಳಿಸಿದರೆ ಗಂಟು ಬಿಚ್ಚಲು ಶುರುಮಾಡುತ್ತೇನೆ. ಅದು ಬೇಗ ಬಿಚ್ಚುವುದಿಲ್ಲ. ಇಲ್ಲಿಯ ತನಕ, ಬಿಚ್ಚುವಷ್ಟರಲ್ಲಿ ಅವಳ ಮೆಸೇಜು ಬಂದಿದೆ.